‘ಮೊದಲು ಕುಡಿತ ಬಿಡಲಿ, ಮನಸ್ಸಿನ ಮಾತು ಆಮೇಲೆ’ ಎನ್ನುತ್ತಾರೆ. ಇದು ಸರೀನಾ?

ಕೆಂಗೇರಿ ಅಕ್ಕ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಉದ್ದ ಆದರೆ ಕ್ಷಮಿಸಿ.

ನನ್ನ ತಮ್ಮನಿಗೆ ಈಗ 34 ವರ್ಷ. 2021ರವರೆಗೆ ಅವನು ಹಬ್ಬಕ್ಕೊಂದು ಬಿಯರ್ ಕುಡಿದರೆ ಹೆಚ್ಚು. ಖಾಸಗಿ ಆಂಬುಲೆನ್ಸ್ ಓಡಿಸುತ್ತಿದ್ದ. ಆ ವರ್ಷದ ಏಪ್ರಿಲ್, ಮೇ ತಿಂಗಳು, ಕೊರೊನಾ ಎರಡನೇ ಅಲೆಯಲ್ಲಿ, ಬೆಂಗಳೂರಿನಲ್ಲಿ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು. ಅಲ್ಲಿ ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿ ಕಡೆ ಬಯಲಲ್ಲಿ ಸುಡಲು ಶುರು ಮಾಡಿದರು. ತಮ್ಮ ದಿನಕ್ಕೆ ನಾಲ್ಕೈದು ಸಲ ಆ ಮಾಗಡಿ ರಸ್ತೆಯಲ್ಲಿ ಓಡಾಡಿದ. ಕೆಲವು ಸಲ ಸತ್ತವರ ಕಡೆಯವರು ಒಬ್ಬರೂ ಇರುತ್ತಿರಲಿಲ್ಲ. ಇವನೇ ಇಳಿಸಿ, ಇವನೇ ಕೈ ಮುಗಿದು ಬರುತ್ತಿದ್ದ.

ಜೊತೆಗಿದ್ದ ಹಿರಿಯ ಡ್ರೈವರ್ ಒಬ್ಬರು ಮೊದಲ ಕ್ವಾರ್ಟರ್ ಕೊಡಿಸಿದರಂತೆ. ‘ಇದು ಇಲ್ದೆ ಈ ಕೆಲ್ಸ ಆಗಲ್ಲ ಕಣೋ’ ಅಂದರಂತೆ. ಲಾಕ್‌ಡೌನ್ ಇದ್ದರೂ ಬೆಳಿಗ್ಗೆ ಹತ್ತರವರೆಗೆ ವೈನ್ ಶಾಪ್ ತೆರೆದಿರುತ್ತಿತ್ತು. ರಾತ್ರಿ ಪಾಳಿ ಮುಗಿಸಿ ತಂದುಕೊಂಡು, ಕುಡಿದು ಮಲಗುತ್ತಿದ್ದ. ನಾವೂ ಏನೂ ಅನ್ನಲಿಲ್ಲ. ನಿದ್ದೆ ಬಂದರೆ ಸಾಕು ಅಂದುಕೊಂಡೆವು.

ಈಗ ದಿನಕ್ಕೆ ಎರಡು ಕ್ವಾರ್ಟರ್ ದಾಟಿದೆ. ಕೆಲಸ ಬಿಟ್ಟು ಎರಡು ವರ್ಷ ಆಯಿತು. ಸೈರನ್ ಕೇಳಿದರೆ ಮುಖ ಬಿಳಿಚಿಕೊಳ್ಳುತ್ತದೆ. ಮಾಗಡಿ ರಸ್ತೆ ಕಡೆ ತಲೆ ಹಾಕುವುದಿಲ್ಲ. ಪಕ್ಕದ ಮನೆಯವರು ತೆಂಗಿನ ಗರಿ ಸುಟ್ಟರೂ ಕಿಟಕಿ ಬಾಗಿಲು ಹಾಕಿಕೊಂಡು ಕೂರುತ್ತಾನೆ.

ಒಂದು ಖಾಸಗಿ ಕೇಂದ್ರಕ್ಕೆ ಮೂರು ತಿಂಗಳು ಸೇರಿಸಿದೆವು, ಹೆಸರು ಬೇಡ. ಅಲ್ಲಿ ಹೊಡೆದರು. ಹೊರಗೆ ಬಂದ ನಾಲ್ಕನೇ ದಿನ ಕುಡಿದ. ಹೋದ ವರ್ಷ ಅಯ್ಯಪ್ಪ ಮಾಲೆ ಹಾಕಿಸಿದೆವು. 41 ದಿನ ಮುಟ್ಟಲಿಲ್ಲ. ಮಾಲೆ ತೆಗೆದ ಸಂಜೆಯೇ ಮತ್ತೆ ಶುರು. ಯಾರೋ ಹೇಳಿದರು ಅಂತ ಅಮ್ಮ ಸಾರಿಗೆ ಒಂದು ಪುಡಿ ಬೆರೆಸಿದರು. ಅವತ್ತು ಕುಡಿದು ಬಂದವನು ಎದೆ ಹಿಡಿದುಕೊಂಡು ಬಿದ್ದುಬಿಟ್ಟ.

ಈಗ ಒಬ್ಬ ಕೌನ್ಸೆಲರ್ ಹತ್ತಿರ ಹೋದರೆ ಅವರು ಹೇಳುವುದು, ‘ಮೊದಲು ಆರು ತಿಂಗಳು ಕುಡಿತ ಬಿಟ್ಟು ತೋರಿಸಲಿ, ಆ ಹಳೆಯ ವಿಷಯ ಆಮೇಲೆ ಮಾತಾಡೋಣ’ ಅಂತ. ಆದರೆ ಅವನು ಕುಡಿಯುತ್ತಿರುವುದೇ ಆ ಹಳೆಯ ವಿಷಯಕ್ಕೆ ಅಲ್ವಾ? ಗೊತ್ತಿರುವವರು ದಯವಿಟ್ಟು ಹೇಳಿ.

ವಿಜಯನಗರದವನು
ಓದಿ ಕಣ್ಣು ತುಂಬಿ ಬಂತು ಅಕ್ಕ. ನಮ್ಮ ದೊಡ್ಡಪ್ಪನನ್ನು ಗಿಡ್ಡೇನಹಳ್ಳಿಗೆ ಕರೆದುಕೊಂಡು ಹೋದ ಡ್ರೈವರ್ ಹೆಸರು ಕೂಡ ನಾವು ಕೇಳಲಿಲ್ಲ. ನಿಮ್ಮ ತಮ್ಮನಂಥವರೇ ಯಾರೋ ಇರಬೇಕು.

ನೇರ ಮಾತು
ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. ಆವತ್ತು ಅದೇ ಕೆಲಸ ಮಾಡಿದವರು ನೂರಾರು ಜನ. ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಚಿತಾಗಾರದ ಸಿಬ್ಬಂದಿ. ಎಲ್ಲರೂ ಕುಡುಕರಾದರಾ? ಕಷ್ಟ ಯಾರಿಗಿಲ್ಲ? ಈಗ ಎಲ್ಲಕ್ಕೂ ‘ಟ್ರಾಮಾ’, ಅಂದರೆ ಮನಸ್ಸಿನ ಗಾಯ, ಅನ್ನುವುದು ರೂಢಿಯಾಗಿದೆ. ಕುಡಿಯುವವನಿಗೆ ಒಂದು ಕಾರಣ ಕೈಗೆ ಕೊಟ್ಟರೆ ಅದನ್ನೇ ಹಿಡಿದುಕೊಂಡು ಇನ್ನೂ ಕುಡಿಯುತ್ತಾನೆ.

ನರ್ಸಮ್ಮ, ವಿಲ್ಸನ್ ಗಾರ್ಡನ್
ನಾನು ಸರ್ಕಾರಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು. ಮೊದಲು ಆ ಪುಡಿಯ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಜೀವ ಹೋಗುತ್ತದೆ.

‘ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ’ ಅಂತ ಮಾರುವ ಪುಡಿಗಳಲ್ಲಿ ಡೈಸಲ್ಫಿರಾಮ್ ಇರುವ ಸಾಧ್ಯತೆ ಇದೆ. ಅದು ನಿಜವಾದ ಔಷಧವೇ. ಆದರೆ ಡಾಕ್ಟರ್ ನೋಡಿಕೊಂಡು, ಕುಡಿಯುವವನಿಗೆ ಗೊತ್ತಿದ್ದು, ಅವನು ಒಪ್ಪಿ ತೆಗೆದುಕೊಳ್ಳಬೇಕಾದ ಔಷಧ. ಅದು ಮೈಯಲ್ಲಿರುವಾಗ ಹೆಂಡ ಬಿದ್ದರೆ ಒಳಗೆ ಅಸಿಟಾಲ್ಡಿಹೈಡ್ ಅನ್ನುವ ವಿಷ ತುಂಬಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ವಾಂತಿ ಬರುತ್ತದೆ, ಬಿಪಿ ಇಳಿಯುತ್ತದೆ. ಹೃದಯಕ್ಕೂ ಪೆಟ್ಟು ಬೀಳಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಈ ಅಪಾಯ ಇರುತ್ತದೆ. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅವರು ಮಗನನ್ನು ಉಳಿಸಿಕೊಳ್ಳಲು ನೋಡಿದರು. ಆದರೆ ಇನ್ನು ಯಾವತ್ತೂ ಬೇಡ.

ಎರಡನೆಯದು, ಇಷ್ಟು ಕುಡಿಯುವವನನ್ನು ಮನೆಯಲ್ಲಿ ಕೂಡಿಹಾಕಿ ಒಂದೇ ದಿನಕ್ಕೆ ನಿಲ್ಲಿಸಲು ಹೋಗಬೇಡಿ. ಕೊನೆಯ ಗ್ಲಾಸ್ ಇಳಿದು ಆರು ಗಂಟೆಯಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನ ಕೆಲವರಿಗೆ ಬುದ್ಧಿ ಕಲಸಿಹೋಗುತ್ತದೆ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಮನೆಯವರನ್ನೇ ಗುರುತಿಸುವುದಿಲ್ಲ. ನಮ್ಮ ಜನ ಇದನ್ನು ಗಾಳಿ ಸೋಕಿದೆ ಅಂದುಕೊಂಡು ತಾಯತ ಕಟ್ಟಿಸುತ್ತಾರೆ. ಅದು ಡೆಲೀರಿಯಂ. ಚಿಕಿತ್ಸೆ ಸಿಗದಿದ್ದರೆ ಸಾಯುತ್ತಾರೆ. ಮಾಲೆ ಹಾಕಿದಾಗ ನಿಮ್ಮ ತಮ್ಮನಿಗೆ ಏನೂ ಆಗದೆ ಹೋದದ್ದು ಪುಣ್ಯ.

ಹಾಗಾಗಿ ಮೊದಲ ಒಂದೆರಡು ವಾರ ಮೈಯದ್ದೇ ಕೆಲಸ. ನಡುಕಕ್ಕೆ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್, ನಿದ್ದೆ, ಊಟ. ಆದರೆ ಅದು ವಾರಗಳ ಲೆಕ್ಕ ಅಕ್ಕ, ಆರು ತಿಂಗಳದ್ದಲ್ಲ. ಆರು ತಿಂಗಳು ಬಾಯಿ ಬಿಡಬೇಡ ಅಂದರೆ ಅವನು ಆ ಹೆಣಗಳನ್ನೆಲ್ಲಾ ಒಬ್ಬನೇ ಹೊತ್ತುಕೊಂಡಿರಬೇಕು. ಎರಡನ್ನೂ ಒಟ್ಟಿಗೆ ನೋಡುವ ಕಡೆ ಕರೆದುಕೊಂಡು ಹೋಗಿ.

ಕೆಂಗೇರಿ ಅಕ್ಕ
ಅಮ್ಮನಿಗೆ ಈಗಷ್ಟೇ ಓದಿ ಹೇಳಿದೆ ನರ್ಸಮ್ಮ. ಡಬ್ಬಿ ಸಮೇತ ಎಸೆದರು. ಆಮೇಲೆ ತುಂಬಾ ಹೊತ್ತು ಅಡುಗೆ ಮನೆಯಿಂದ ಆಚೆ ಬರಲಿಲ್ಲ.

ಎಂಟನೇ ವರ್ಷ
ನೇರ ಮಾತು ಅವರಿಗೆ ಉತ್ತರ ಕೊಡಬೇಕು ಅನ್ನಿಸಿತು. ನಾನು ಕುಡಿತ ಬಿಟ್ಟು ಏಳು ವರ್ಷ ತುಂಬಿ ಎಂಟು ನಡೆಯುತ್ತಿದೆ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಕೆಲಸ ನನ್ನದು.

ನನಗೆ ಒಂಬತ್ತು ವರ್ಷ ಇದ್ದಾಗ ಒಬ್ಬ ಸಂಬಂಧಿಕ ನನ್ನ ಜೊತೆ ಮಾಡಬಾರದ್ದನ್ನು ಮಾಡಿದ. ಮೂರು ಬೇಸಿಗೆ ರಜೆ. ಅಮ್ಮನಿಗೆ ಹೇಳಿದೆ, ಕಪಾಳಕ್ಕೆ ಬಿತ್ತು. ಹದಿನಾರಕ್ಕೆ ಮೊದಲ ಸಲ ಕುಡಿದೆ. ಅವತ್ತಿನ ರಾತ್ರಿ ನನಗೆ ಇವತ್ತಿಗೂ ನೆನಪಿದೆ. ಮತ್ತಿಗಿಂತ ಹೆಚ್ಚಾಗಿ ಸಿಕ್ಕಿದ್ದು ಮೌನ. ತಲೆಯೊಳಗೆ ಏಳು ವರ್ಷದಿಂದ ಓಡುತ್ತಿದ್ದ ಮೋಟರನ್ನು ಯಾರೋ ಆಫ್ ಮಾಡಿದ ಹಾಗಾಯಿತು. ಜನ ಮಜಾಕ್ಕೆ ಕುಡಿಯುತ್ತಾರೆ ಅನ್ನುತ್ತಾರೆ. ನಾನು ಒಂದು ದಿನವೂ ಮಜಾಕ್ಕೆ ಕುಡಿದವನಲ್ಲ.

ಮೂರು ಸಲ ಬಿಟ್ಟೆ. ಮೂರು ಸಲವೂ ಒಂದೇ ಕಥೆ. ಕುಡಿತ ನಿಂತ ಎರಡನೇ ವಾರ ಆ ಮೋಟರ್ ಮತ್ತೆ ಶುರುವಾಗುತ್ತಿತ್ತು, ಮೊದಲಿಗಿಂತ ಜೋರಾಗಿ. ಎಲ್ಲರೂ ‘ಯಾಕೋ ಮತ್ತೆ ಕುಡಿದೆ’ ಅಂತ ಬೈದರು. ‘ಯಾಕೋ ಮೊದಲು ಕುಡಿದೆ’ ಅಂತ ಯಾರೂ ಕೇಳಲಿಲ್ಲ. ನಾಲ್ಕನೇ ಸಲ ಒಬ್ಬ ಡಾಕ್ಟರಮ್ಮ ಕೇಳಿದರು. ಮೊದಲ ದಿನ ನಾನು ಅವರ ಮುಂದೆ ಸುಮ್ನೆ ಕೂತಿದ್ದೆ. ಎರಡನೇ ತಿಂಗಳು ಹೇಳಿದೆ.

ಹೇಳಿದ ತಕ್ಷಣ ಎಲ್ಲಾ ಸರಿಯಾಯಿತು ಅಂದುಕೊಳ್ಳಬೇಡಿ. ಆ ವಾರವೇ ಮತ್ತೆ ಜಾರಿದೆ. ಆದರೆ ಮತ್ತೆ ಅವರ ಹತ್ತಿರ ಹೋಗಲು ನಾಚಿಕೆಯಾಗಲಿಲ್ಲ. ವ್ಯತ್ಯಾಸ ಅಷ್ಟೇ.

ನೇರ ಮಾತು
ನಿಮ್ಮ ವಿಷಯಕ್ಕೆ ನನ್ನ ಗೌರವ ಇದೆ ಅಣ್ಣ. ಆದರೂ ಕೇಳುತ್ತೇನೆ. ಯಾವ ಪೆಟ್ಟೂ ಬೀಳದೆ ಕುಡುಕರಾದವರು ಇಲ್ಲವಾ? ನಮ್ಮ ಮನೆತನದಲ್ಲಿ ಅಜ್ಜ, ದೊಡ್ಡಪ್ಪ, ಅಪ್ಪ ಎಲ್ಲರೂ ಕುಡಿದವರು. ಅಜ್ಜನಿಗೆ ತೋಟ ತುಡಿಕೆ ಎಲ್ಲಾ ಇತ್ತು. ರಕ್ತದಲ್ಲೇ ಬರುತ್ತದೆ ಅಂತ ನಾನು ನಂಬುತ್ತೇನೆ.

ಎಂಎಸ್‌ಡಬ್ಲ್ಯೂ ಓದುವವಳು
ಸಾರ್, ನೀವು ಹೇಳಿದ್ದು ಅರ್ಧ ಸರಿ. ಕುಡಿತದ ಕಾಯಿಲೆಗೆ ವಂಶವಾಹಿಯ ಪಾಲು ಹೆಚ್ಚು ಕಡಿಮೆ ಅರ್ಧದಷ್ಟು ಅಂತ ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ತೋರಿಸಿವೆ. ಉಳಿದರ್ಧ ಬದುಕಿನದ್ದು. ಅದರಲ್ಲಿ ಬಾಲ್ಯದ ಪಾಲು ದೊಡ್ಡದು.

ಇದು ಹೊರಬಿದ್ದ ಬಗೆ ನನಗೆ ತುಂಬಾ ಹಿಡಿಸಿದ ವಿಷಯ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ಡಾಕ್ಟರ್ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಕೂರಿಸಿಕೊಂಡು ಕೇಳಿದಾಗ ಎಷ್ಟೋ ಜನ ಚಿಕ್ಕಂದಿನಲ್ಲಿ ತಮ್ಮ ಮೇಲೆ ಆದ ದೌರ್ಜನ್ಯದ ಬಗ್ಗೆ ಹೇಳಿದರು. ಆಮೇಲೆ ಅವರು ರಾಬರ್ಟ್ ಆಂಡಾ ಅನ್ನುವ ಇನ್ನೊಬ್ಬ ಸಂಶೋಧಕರ ಜೊತೆ ಸೇರಿ ದೊಡ್ಡ ಸಮೀಕ್ಷೆ ಮಾಡಿದರು. 1998ರಲ್ಲಿ ಬಂದ ಮೊದಲ ವರದಿಯಲ್ಲೇ ಸುಮಾರು 9,500 ಜನರ ಮಾಹಿತಿ ಇತ್ತು. ಹೊಡೆತ, ಲೈಂಗಿಕ ದೌರ್ಜನ್ಯ, ಅಮ್ಮನನ್ನು ಹೊಡೆಯುವುದನ್ನು ನೋಡಿದ್ದು, ಮನೆಯಲ್ಲಿ ಕುಡಿತ, ಹೀಗೆ ಏಳು ಬಗೆ. ನಾಲ್ಕು ಅಥವಾ ಹೆಚ್ಚು ಬಗೆ ಅನುಭವಿಸಿದವರಿಗೆ ಕುಡಿತ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಏನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಜಾಸ್ತಿ ಇತ್ತು.

ಅಪಾಯ ಜಾಸ್ತಿ ಅಂದರೆ ಎಲ್ಲರೂ ಕುಡಿದೇ ಕುಡಿಯುತ್ತಾರೆ ಅಂತಲ್ಲ. ಆದರೆ ನಿಮ್ಮ ಅಜ್ಜ ಕುಡಿದ ಮನೆಯಲ್ಲಿ ನಿಮ್ಮಪ್ಪ ಮಗುವಾಗಿ ಏನು ನೋಡಿದರು ಅಂತ ಯೋಚಿಸಿ ಸಾರ್. ರಕ್ತ ಯಾವುದು, ನೋಡಿದ್ದು ಯಾವುದು ಅಂತ ಬಿಡಿಸುವುದು ಅಷ್ಟು ಸುಲಭ ಅಲ್ಲ.

ಬಸವನಗುಡಿ ಮೇಷ್ಟ್ರು
ವಿಯೆಟ್ನಾಂ ಯುದ್ಧದ ವಿಷಯವೂ ಇಲ್ಲಿಗೆ ಸರಿಹೊಂದುತ್ತದೆ. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ನಂಥ ಅಫೀಮು ವಸ್ತುಗಳಿಗೆ ದಾಸರಾಗಿದ್ದರು. ಇವರು ಊರಿಗೆ ಬಂದರೆ ಗತಿಯೇನು ಅಂತ ಸರ್ಕಾರ ಹೆದರಿತ್ತು. ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಊರಿಗೆ ಮರಳಿದವರ ಬೆನ್ನು ಹತ್ತಿ ನೋಡಿದರು. ಅಲ್ಲಿ ಚಟಕ್ಕೆ ಬಿದ್ದವರಲ್ಲಿ ಮೊದಲ ವರ್ಷ ಮತ್ತೆ ಅದರ ದಾಸರಾದವರು ನೂರಕ್ಕೆ ಐದು ಜನ ಮಾತ್ರ. ಬರೀ ವಸ್ತುವಿನ ಗುಣವೇ ಎಲ್ಲಾ ಆಗಿದ್ದರೆ ಹೀಗೆ ಆಗುತ್ತಿತ್ತಾ? ಕೆನಡಾದಲ್ಲಿ ಬ್ರೂಸ್ ಅಲೆಕ್ಸಾಂಡರ್ ಇಲಿಗಳ ಮೇಲೆ ಮಾಡಿದ ಪ್ರಯೋಗವೂ ಅದನ್ನೇ ಹೇಳಿತು. ಒಂಟಿ ಪಂಜರದ ಇಲಿ ಮಾರ್ಫಿನ್ ನೀರು ಹೆಚ್ಚು ಕುಡಿಯಿತು, ಜೊತೆಗಾರರಿದ್ದ ದೊಡ್ಡ ಗೂಡಿನ ಇಲಿ ಕಡಿಮೆ ಕುಡಿಯಿತು.

ಎಂಎಸ್‌ಡಬ್ಲ್ಯೂ ಓದುವವಳು
ಮೇಷ್ಟ್ರೇ, ಇಲಿಯ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿದಾಗ ಎಲ್ಲಾ ಕಡೆ ಅದೇ ಫಲಿತಾಂಶ ಬರಲಿಲ್ಲ. ಅದನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಮತ್ತೆ ಆ ಸೈನಿಕರು ಯುದ್ಧದ ಜಾಗ ಬಿಟ್ಟು ಊರಿಗೆ ಬಂದರು. ಅಕ್ಕನ ತಮ್ಮ ಎಲ್ಲಿಗೆ ಹೋಗಬೇಕು? ಅವರ ಮನೆ ಇರುವುದೇ ಇಲ್ಲಿ. ಸೈರನ್ ದಿನಾ ಕೇಳುತ್ತದೆ.

ಬಸವನಗುಡಿ ಮೇಷ್ಟ್ರು
ಒಪ್ಪಿದೆ ತಾಯಿ. ಈ ಕಡೆ ನಾನು ಯೋಚಿಸಿರಲಿಲ್ಲ.

ಲಗ್ಗೆರೆ ಹುಡುಗ
ಯಾರೂ ಹೆಂಡದ ಅಂಗಡಿಗಳ ಬಗ್ಗೆ ಮಾತಾಡುತ್ತಿಲ್ಲ. ನಮ್ಮ ರಸ್ತೆಯ ಎರಡು ತುದಿಯಲ್ಲಿ ಎರಡು ಎಂಆರ್‌ಪಿ ಅಂಗಡಿ. ಕುಡಿತ ಬಿಟ್ಟವನು ಹಾಲು ತರಲು ಹೋದರೂ ಅದರ ಮುಂದೆಯೇ ಹೋಗಬೇಕು. 2020ರ ಮೇ 4ಕ್ಕೆ ಲಾಕ್‌ಡೌನ್ ಸಡಿಲಿಸಿ ಅಂಗಡಿ ತೆಗೆದಾಗ ನಿಂತ ಕ್ಯೂ ನೆನಪಿದೆಯಾ? ಸರ್ಕಾರಕ್ಕೆ ಅಬಕಾರಿ ದುಡ್ಡು ಬೇಕು. ಟ್ರಾಮಾ ಗೀಮಾ ಆಮೇಲೆ, ಮೊದಲು ಅಂಗಡಿ ಮುಚ್ಚಿಸಿ.

ತುಮಕೂರು ರಸ್ತೆ
2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಲ್ಲಿಸಿದರಲ್ಲ, ಏನಾಯಿತು? ಪ್ಯಾಕೆಟ್ ಕುಡಿಯುತ್ತಿದ್ದ ನಮ್ಮ ಮಾವ ಮಾರನೇ ತಿಂಗಳಿಂದ ವಿಸ್ಕಿ ಕುಡಿದರು. ದುಡ್ಡು ಜಾಸ್ತಿ ಹೋಯಿತು, ಅಷ್ಟೇ.

ಲಗ್ಗೆರೆ ಹುಡುಗ
ನಿಮ್ಮ ಮಾವ ಒಬ್ಬರಿಂದ ಲೆಕ್ಕ ಹಾಕಬೇಡಿ. ನಮ್ಮ ಅಜ್ಜಿ ಊರಲ್ಲಿ ಹೆಂಗಸರೇ ಹೋರಾಡಿ ಸಾರಾಯಿ ಅಂಗಡಿ ಎಬ್ಬಿಸಿದ್ದು. ಒಂದೆರಡು ವರ್ಷ ಆದರೂ ಮನೆಗಳು ನೆಮ್ಮದಿ ಕಂಡವು ಅಂತ ಅಜ್ಜಿ ಈಗಲೂ ಹೇಳುತ್ತಾರೆ.

ನಿರ್ವಾಹಕರು
ಅಬಕಾರಿ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಅಕ್ಕನ ಪ್ರಶ್ನೆಗೆ ಬನ್ನಿ.

ಶ್ರೀರಾಮಪುರ
ನಾನು ಪೌರಕಾರ್ಮಿಕರ ಮಗ. ನಮ್ಮಪ್ಪ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದರು. ಸುರಕ್ಷತೆ ಇಲ್ಲದೆ ಹಾಗೆ ಇಳಿಸಬಾರದು ಅನ್ನುವ 2013ರ ಕಾನೂನಿಗೂ ಮುಂಚಿನ ಮಾತು. ಇಳಿಯುವ ಮುಂಚೆ ಮೇಸ್ತ್ರಿಯೇ ಕುಡಿಸುತ್ತಿದ್ದ. ಕುಡಿಯದೆ ಆ ವಾಸನೆಯಲ್ಲಿ ಇಳಿಯುವುದು ಮನುಷ್ಯನಿಂದ ಆಗುವುದಿಲ್ಲ. ಅಪ್ಪನ ಜೊತೆಗಾರ ಒಬ್ಬರು ಒಳಗೇ ಉಸಿರುಕಟ್ಟಿ ಹೋದರು. ಅವರನ್ನು ಮೇಲೆ ಎಳೆದವರು ನಮ್ಮಪ್ಪ. ಆಮೇಲೆ ಅಪ್ಪ ಬೆಳಿಗ್ಗೆಯಿಂದಲೇ ಕುಡಿದರು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ಮೊದಲೇ ಲಿವರ್ ಹೋಗಿ ತೀರಿಕೊಂಡರು.

ನಮ್ಮ ಬೀದಿಯನ್ನು ನೋಡಿ ‘ಈ ಜನ ಕುಡುಕರು’ ಅಂತ ಅನ್ನುವವರನ್ನು ಇವತ್ತೂ ಕೇಳುತ್ತೇನೆ. ಕೆಲಸವೇ ದಿನಾ ಪೆಟ್ಟು ಕೊಡುವಂಥದ್ದಾದರೆ, ಆ ಪೆಟ್ಟು ಒಂದು ದಿನದ್ದಲ್ಲ, ಮುಗಿದು ಹೋದದ್ದೂ ಅಲ್ಲ. ಕೌನ್ಸೆಲಿಂಗ್ ಮಾಡಿ ಮತ್ತೆ ಅದೇ ಗುಂಡಿಗೆ ಇಳಿಸಿದರೆ ಏನು ಉಪಯೋಗ? ನಿಮ್ಮ ತಮ್ಮ ಆ ಕೆಲಸ ಬಿಟ್ಟದ್ದು ಸೋಮಾರಿತನ ಅಂತ ಯಾರಾದರೂ ಅಂದರೆ ನಂಬಬೇಡಿ ಅಕ್ಕ.

ಮೈಸೂರು ರಸ್ತೆ ಗಾರ್ಮೆಂಟ್ಸ್
ಇಷ್ಟೂ ಓದಿದೆ. ಕುಡಿಯುವ ಗಂಡಸಿನ ಮನಸ್ಸಿನ ಗಾಯದ ಬಗ್ಗೆ ಎಲ್ಲರೂ ಮಾತಾಡಿದಿರಿ. ಸಂತೋಷ. ಅವನ ಪಕ್ಕದಲ್ಲಿ ಮಲಗುವವಳ ಬಗ್ಗೆ ಒಬ್ಬರಾದರೂ ಕೇಳಿದಿರಾ?

ನನ್ನ ಗಂಡನಿಗೂ ಚಿಕ್ಕಂದಿನಲ್ಲಿ ಅಪ್ಪನ ಬೆಲ್ಟ್ ಏಟು ಬಿದ್ದಿತ್ತು. ಬೆನ್ನ ಮೇಲೆ ಗುರುತು ಇವೆ, ನಾನೇ ಎಣ್ಣೆ ಹಚ್ಚಿದ್ದೇನೆ. ಅದೇ ಕೈ ನನ್ನ ಮೇಲೂ ಎದ್ದಿತು. ಹನ್ನೊಂದು ವರ್ಷ ಗೇಟಿನ ಸದ್ದು ಕೇಳಿಯೇ ಇವತ್ತು ಎಷ್ಟು ಕುಡಿದಿದ್ದಾರೆ ಅಂತ ಹೇಳುತ್ತಿದ್ದೆ. ಚಪ್ಪಲಿ ಬಿಡುವ ರೀತಿಯಲ್ಲಿ ಗೊತ್ತಾಗುತ್ತಿತ್ತು. ನನ್ನ ಮಗಳು ಏಳು ವರ್ಷಕ್ಕೇ ಅದನ್ನು ಕಲಿತಳು. ‘ಅಮ್ಮ, ಇವತ್ತು ಜಾಸ್ತಿ’ ಅಂತ ಪಿಸುಗುಟ್ಟಿ ತಮ್ಮನನ್ನು ಮಂಚದ ಕೆಳಗೆ ತಳ್ಳುತ್ತಿದ್ದಳು.

ಈಗ ಅವರು ನಮ್ಮ ಜೊತೆ ಇಲ್ಲ. ಆದರೂ ಪಕ್ಕದ ಮನೆಯ ಗೇಟು ಸದ್ದಾದರೆ ನನ್ನ ಕೈ ತಣ್ಣಗಾಗುತ್ತದೆ. ನಾನೂ ಒಂದು ಕಾಲದಲ್ಲಿ ನಿದ್ದೆ ಮಾತ್ರೆಗೆ ಬಿದ್ದಿದ್ದೆ. ಮೆಡಿಕಲ್ ಶಾಪಿನವನು ಚೀಟಿ ಇಲ್ಲದೆ ಕೊಡುತ್ತಿದ್ದ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಹೆಂಗಸರು ಬೀದಿಯಲ್ಲಿ ತೂರಾಡುವುದಿಲ್ಲ, ಹಾಗಾಗಿ ಯಾರಿಗೂ ಕಾಣಿಸಲಿಲ್ಲ. ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು.

ಗಾಯ ಇತ್ತು ಅನ್ನುವುದು ನಿಜ ಇರಬಹುದು. ಹೊಡೆದದ್ದಕ್ಕೆ ಅದು ಕ್ಷಮೆ ಅಲ್ಲ. ಅಕ್ಕ, ನಿಮ್ಮ ತಮ್ಮನಿಗೆ ಹೆಂಡತಿ ಮಕ್ಕಳು ಇದ್ದರೆ ಅವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಎಂಟನೇ ವರ್ಷ
ನನ್ನ ಹೆಂಡತಿಗೆ ನಿಮ್ಮ ಮಾತು ಓದಿ ಹೇಳಿದೆ ಅಕ್ಕ. ನಾನು ಹೊಡೆದಿಲ್ಲ ಅಂತ ಇಷ್ಟು ದಿನ ಹೆಮ್ಮೆಯಿಂದ ಇದ್ದೆ. ಅವಳು ‘ಗೇಟಿನ ಸದ್ದು ನನಗೂ ಗೊತ್ತು’ ಅಂದಳು.

ನೇರ ಮಾತು
ಮೊದಲು ಯಾಕೆ ಅಷ್ಟು ಗಡುಸಾಗಿ ಬರೆದೆ ಅಂತ ಹೇಳುತ್ತೇನೆ. ಬಾರ್ ಮುಂದಿನ ಚರಂಡಿಯಿಂದ ಅಪ್ಪನನ್ನು ಎತ್ತಿಕೊಂಡು ಬರುವುದು ಹತ್ತು ವರ್ಷದಿಂದ ಇಪ್ಪತ್ತರವರೆಗೆ ನನ್ನ ಕೆಲಸ ಆಗಿತ್ತು. ನಾನು ಹನಿ ಮುಟ್ಟಲಿಲ್ಲ. ಹಾಗಾಗಿ ‘ನನಗೆ ಆಗುತ್ತದೆ, ನಿಮಗೆ ಯಾಕೆ ಆಗಲ್ಲ’ ಅನ್ನುವ ಸಿಟ್ಟು. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಬಿಡುವ ಜವಾಬ್ದಾರಿ ಕುಡಿಯುವವನದ್ದೇ. ಆದರೆ ಅಪ್ಪನನ್ನು ನಾನು ಒಂದು ಸಲವೂ ಏನನ್ನೂ ಕೇಳಲಿಲ್ಲ ಅನ್ನುವುದು ಇವತ್ತು ತಲೆಗೆ ಹೊಕ್ಕಿದೆ. ಅವರು ಹೋಗಿ ಆರು ವರ್ಷ ಆಯಿತು.

ವಕೀಲಿಕೆ
ಹೊಡೆಯುವ ಕೇಂದ್ರಗಳ ಬಗ್ಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಹಾಗಾಗಿ ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ನೋಂದಣಿ ಮಾಡಿಸಿರಲೇಬೇಕು. ಸರಪಳಿ ಹಾಕುವುದಕ್ಕೆ ಪೂರ್ತಿ ನಿಷೇಧ ಇದೆ. ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ಮನೆಯವರು ನೋಡಬಹುದಾ, ಫೋನ್ ಮಾಡಬಹುದಾ ಅಂತಲೂ ಕೇಳಿ. ‘ಮೂರು ತಿಂಗಳು ಯಾರೂ ಬರುವಂತಿಲ್ಲ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಗಾಂಜಾ, ಹೆರಾಯಿನ್ ಥರದ್ದು ಸೇವಿಸುವವರ ಮನೆಯವರು ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೇ ಹೋಗುವುದಿಲ್ಲ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂನಲ್ಲಿ ರಕ್ಷಣೆ ಇದೆ.

ಮೆಜೆಸ್ಟಿಕ್ ಸ್ವಯಂಸೇವಕ
ಇದೇ ಎಳೆಗೆ ಸೇರುತ್ತದೆ ಅಂತ ಹೇಳುತ್ತಿದ್ದೇನೆ. ರೈಲ್ವೆ ಸ್ಟೇಷನ್ ಸುತ್ತ ಇರುವ ಮಕ್ಕಳ ಜೊತೆ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಪಂಕ್ಚರ್ ಸೊಲ್ಯೂಷನ್ನನ್ನು ಬಟ್ಟೆಗೆ ಹಾಕಿ ಮೂಸುತ್ತಾರೆ. ಒಬ್ಬ ಹುಡುಗನನ್ನು ಯಾಕೆ ಅಂತ ಕೇಳಿದೆ. ‘ಹಸಿವು ಗೊತ್ತಾಗಲ್ಲ, ಚಳಿ ಗೊತ್ತಾಗಲ್ಲ, ರಾತ್ರಿ ಯಾರು ಬಂದ್ರು ಗೊತ್ತಾಗಲ್ಲ’ ಅಂದ. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಒಂದೇ ಒಂದು ವಸ್ತು ಈ ಮೂಸುವಂಥದ್ದು. ಬಾಟಲಿ ಕಿತ್ತುಕೊಂಡರೆ ಆ ಮಗುವಿಗೆ ರಾತ್ರಿ ಪೂರ್ತಿ ಎಚ್ಚರ. ಮಲಗುವ ಜಾಗ ಮೊದಲು ಕೊಡಬೇಕು.

ವಿಜಯನಗರದವನು
ದೇಶದಲ್ಲಿ ಕುಡಿತದ ಕಾಯಿಲೆ ಇರುವ ನೂರರಲ್ಲಿ 86 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲವಂತೆ. ನಿಮ್ಹಾನ್ಸ್ ಸರ್ವೆ. ಕರ್ನಾಟಕದ ಲೆಕ್ಕವೂ ಅದೇ.

ಎಂಎಸ್‌ಡಬ್ಲ್ಯೂ ಓದುವವಳು
86 ಸರಿ. ಆದರೆ 2015-16ರ ಆ ಸರ್ವೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನಡೆಸಿದ್ದು ಬೆಂಗಳೂರಿನ ಸಂಸ್ಥೆ ಆದ್ದರಿಂದ ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ.

ನರ್ಸಮ್ಮ, ವಿಲ್ಸನ್ ಗಾರ್ಡನ್
ಅಕ್ಕ, ‘ನಿದ್ದೆ ಬಂದರೆ ಸಾಕು ಅಂದುಕೊಂಡೆವು’ ಅಂತ ಬರೆದಿದ್ದಿರಿ. ಎರಡು ದಿನದಿಂದ ಅದೇ ಮಾತು ತಲೆಯಲ್ಲಿದೆ.

ಹೆಂಡ ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಕನಸಿನ ನಿದ್ದೆ ಕಡಿಮೆಯಾಗುತ್ತದೆ. ಕೆಟ್ಟ ಕನಸು ಬೀಳುವವರಿಗೆ ಅದು ದೊಡ್ಡ ಉಪಕಾರ ಅನ್ನಿಸುತ್ತದೆ. ಆದರೆ ಬೆಳಗಿನ ಜಾವ ಹೆಂಡ ಇಳಿಯುವಾಗ ಮೈ ಎಚ್ಚೆತ್ತುಕೊಳ್ಳುತ್ತದೆ, ಎದೆ ಬಡಿದುಕೊಳ್ಳುತ್ತದೆ. ಒಂದೆರಡು ದಿನ ಬಿಟ್ಟರೆ ಅಷ್ಟೂ ದಿನ ತಡೆದಿಟ್ಟ ಕನಸು ಒಟ್ಟಿಗೆ ನುಗ್ಗುತ್ತದೆ. ಹೆದರಿ ಮತ್ತೆ ಬಾಟಲಿ ಹಿಡಿಯುತ್ತಾರೆ. ಇದನ್ನು ಮೊದಲೇ ತಿಳಿಸಿ ಹೇಳಿದರೆ ಎಷ್ಟೋ ಜನ ಆ ಕೆಟ್ಟ ವಾರವನ್ನು ದಾಟುತ್ತಾರೆ. ‘ನಿನಗೆ ಹುಚ್ಚು ಹಿಡಿಯುತ್ತಿಲ್ಲ, ಇದು ಬರುತ್ತದೆ, ಹೋಗುತ್ತದೆ’ ಅಂತ ಪಕ್ಕದಲ್ಲಿ ಕೂತು ಹೇಳುವವರು ಬೇಕು.

ಮತ್ತೆ, ಅವನನ್ನು ಕೂರಿಸಿಕೊಂಡು ಎಲ್ಲಾ ಒಂದೇ ಸಲ ಕಕ್ಕಿಸಲು ಹೋಗಬೇಡಿ. ಮನೆಯವರು ಮಾಡಬೇಕಾದ್ದು ಅದಲ್ಲ. ಆ ನೆನಪಿನ ಒಳಗೆ ಹೇಗೆ ಹೋಗಬೇಕು, ಹೇಗೆ ಆಚೆ ಬರಬೇಕು ಅಂತ ಗೊತ್ತಿರುವ ತರಬೇತಾದವರು ಮಾಡಬೇಕು. ನೀವು ‘ಆವತ್ತು ತುಂಬಾ ಕಷ್ಟ ಪಟ್ಟೆ ಅಂತ ನನಗೆ ಗೊತ್ತು’ ಅಂದರೆ ಸಾಕು.

ಕೆಂಗೇರಿ ಅಕ್ಕ
ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊನ್ನೆ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಬೈಯಲಿಲ್ಲ. ಎಷ್ಟು ಕುಡಿಯುತ್ತಾನೆ, ಫಿಟ್ಸ್ ಬಂದಿತ್ತಾ, ಸಾಯುವ ಮಾತಾಡುತ್ತಾನಾ ಅಂತ ಕೇಳಿದರು. ಕೊನೆಯ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ನಿನ್ನೆ ಸಂಜೆ ತಾರಸಿಯಲ್ಲಿ ಅವನ ಪಕ್ಕ ಹೋಗಿ ಕೂತೆ.

ನರ್ಸಮ್ಮ ಹೇಳಿದಷ್ಟೇ ಹೇಳಿದೆ. ‘ಆವತ್ತು ತುಂಬಾ ಕಷ್ಟ ಪಟ್ಟೆ ಅಂತ ನನಗೆ ಗೊತ್ತು ಕಣೋ’ ಅಂದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಹುಡುಗಿಯ ಬಗ್ಗೆ ಹೇಳಿದ. ಎಂಟೊಂಬತ್ತು ವರ್ಷದವಳು. ಅವರಮ್ಮನನ್ನು ಹಿಂದೆ ಮಲಗಿಸಿದ್ದರು, ಇವಳು ಮುಂದಿನ ಸೀಟಿನಲ್ಲಿ. ದಾರಿಯಲ್ಲಿ ‘ಅಂಕಲ್, ಸೈರನ್ ಹಾಕಿ, ಬೇಗ ಹೋಗೋಣ’ ಅಂದಳಂತೆ. ಇವನು ಹಾಕಿದನಂತೆ. ಹೋಗುತ್ತಿದ್ದದ್ದು ಆಸ್ಪತ್ರೆಗಲ್ಲ, ಸುಡುಗಾಡಿಗೆ. ಆ ಮಗುವಿಗೆ ಅದು ಗೊತ್ತಿರಲಿಲ್ಲ. ಹೇಳಲು ಇವನಿಗೆ ಬಾಯಿ ಬರಲಿಲ್ಲ.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದು ನನಗೆ ಗೊತ್ತಿರಲಿಲ್ಲ. ಸೈರನ್ನಿಗೆ ಮುಖ ಬಿಳಿಚಿಕೊಂಡಾಗಲೆಲ್ಲಾ ‘ನಾಟಕ ಮಾಡಬೇಡ’ ಅಂತ ನಾನೇ ಬೈದಿದ್ದೇನೆ.

ಮದುವೆ ಆಗಿದೆ ಅವನಿಗೆ. ನಾದಿನಿ ಹೋದ ವರ್ಷ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಗಾರ್ಮೆಂಟ್ಸ್ ಅಕ್ಕ ಬರೆದದ್ದು ಓದಿದ ಮೇಲೆ ಅವಳಿಗೆ ಫೋನ್ ಮಾಡಿದೆ. ವಾಪಸ್ ಬಾ ಅಂತ ಕೇಳಲಿಲ್ಲ. ಹೇಗಿದ್ದೀಯ ಅಂತ ಕೇಳಿದೆ.

ಬುಧವಾರ ನಿಮ್ಹಾನ್ಸ್‌ಗೆ ಹೋಗುತ್ತಿದ್ದೇವೆ. ವ್ಯಸನಕ್ಕೆ ಅಲ್ಲಿ ಬೇರೆ ವಿಭಾಗ ಇದೆ ಅಂತ ಫೋನಿನಲ್ಲಿ ಹೇಳಿದರು. ಬರುತ್ತೇನೆ ಅಂದಿದ್ದಾನೆ. ಒಂದೇ ಚಿಂತೆ. ಹೊಸೂರು ರಸ್ತೆಯ ಆ ಭಾಗದಲ್ಲಿ ಸಾಲಾಗಿ ಆಸ್ಪತ್ರೆಗಳು. ದಾರಿ ತುಂಬಾ ಆಂಬುಲೆನ್ಸ್ ಇರುತ್ತವೆ. ಗೇಟಿನ ತನಕ ಬಂದು ವಾಪಸ್ ಓಡಿಬಿಟ್ಟರೆ?

ನರ್ಸಮ್ಮ, ವಿಲ್ಸನ್ ಗಾರ್ಡನ್
ಬೆಳಿಗ್ಗೆ ಬೇಗ ಹೊರಡಿ, ಆಗ ರಸ್ತೆ ಖಾಲಿ ಇರುತ್ತದೆ. ಆಟೋದಲ್ಲಿ ಬನ್ನಿ, ಅವನನ್ನು ಮಧ್ಯೆ ಕೂರಿಸಿಕೊಳ್ಳಿ. ಅವತ್ತು ಬೆಳಿಗ್ಗೆ ಕುಡಿಯಲೇಬಾರದು ಅಂತ ಜಗಳ ಮಾಡಬೇಡಿ, ಕುಡಿದಿದ್ದರೂ ಕರೆದುಕೊಂಡು ಬನ್ನಿ. ಹಳೆಯ ಚೀಟಿ, ಬಿಪಿಎಲ್ ಕಾರ್ಡ್ ಇದ್ದರೆ ಅದು, ನೀರು, ತಿಂಡಿ ಇಟ್ಟುಕೊಳ್ಳಿ, ಕಾಯಬೇಕಾಗುತ್ತದೆ. ನನ್ನ ಮನೆ ಅಲ್ಲಿಗೆ ಹತ್ತಿರ. ಗೇಟಿನ ಹತ್ತಿರ ನಿಂತಿರುತ್ತೇನೆ. ಸೀರೆ ಬಣ್ಣ ಮಂಗಳವಾರ ರಾತ್ರಿ ನಿಮಗೆ ಬೇರೆ ಮೆಸೇಜಿನಲ್ಲಿ ಹೇಳುತ್ತೇನೆ.